ಮಾಲೀಕರ ಪರ ವಕೀಲಿಕೆ: ಹುಬ್ಬಳ್ಳಿಯಲ್ಲಿ ಇದರಿಂದ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ನಾನು ಗದಗದವನು. ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಕೋರ್ಸ್ ಮುಗಿಸಿ, ಈಗಷ್ಟೇ ಸನ್ನದು ಪಡೆದಿದ್ದೇನೆ. ಹುಬ್ಬಳ್ಳಿಯ ಹಿರಿಯ ವಕೀಲರೊಬ್ಬರು ಜೂನಿಯರ್ ಆಗಿ ಬಾ ಎಂದಿದ್ದಾರೆ. ಅವರ ಕೆಲಸವೆಲ್ಲ ಕಾರ್ಖಾನೆ ಮಾಲೀಕರು ಮತ್ತು ಸಂಸ್ಥೆಗಳ ಪರ ಕಾರ್ಮಿಕ ಕೇಸುಗಳು. ನಮ್ಮ ಅಪ್ಪ ನೂಲಿನ ಗಿರಣಿಯಲ್ಲಿ 19 ವರ್ಷ ದುಡಿದವರು. ಗಿರಣಿ ಮುಚ್ಚಿತು. ವಿಷಯ ಹೇಳಿದಾಗ ಅವರು "ಮಾಲಕರ ಕಡೆ ನಿಲ್ತೀಯೇನು?" ಅಂತ ಒಂದೇ ಮಾತು ಕೇಳಿ ಸುಮ್ಮನಾದರು. ಈ ದಾರಿಯಲ್ಲಿ ಬದುಕು ಇದೆಯಾ? ಬೆಂಗಳೂರಿಗೇ ಹೋಗಬೇಕಾ? ಹೊಸ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಈ ಕೆಲಸ ಉಳಿಯುತ್ತಾ? ಅಪ್ಪನಿಗೆ ಏನು ಹೇಳಲಿ?

ಉತ್ತರ: ಅಪ್ಪನ ಮಾತನ್ನು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಕೆಲಸ ಎಂಥದ್ದು ಅಂತ ಹೇಳುತ್ತೇನೆ. ಕಾಲೇಜಿನಲ್ಲಿ ಓದಿದ್ದಕ್ಕೂ ಇದಕ್ಕೂ ನಂಟು ಕಡಿಮೆ.

ನಮ್ಮ ಲೇಬರ್ ಕೋರ್ಟುಗಳಲ್ಲಿ ಕಾರ್ಮಿಕ ಮೊದಲನೇ ಪಕ್ಷಗಾರ, ಮ್ಯಾನೇಜ್‌ಮೆಂಟ್ ಎರಡನೇ ಪಕ್ಷಗಾರ. ಆದರೆ ವಜಾ ಮಾಡಿದ ಕೇಸಾದರೆ ಸಾಕ್ಷಿ ಕಟಕಟೆಗೆ ಮೊದಲು ಹತ್ತಬೇಕಾದವರು ಸಾಮಾನ್ಯವಾಗಿ ನಮ್ಮ ಕಡೆಯವರೇ, ಅಂದರೆ ಮ್ಯಾನೇಜ್‌ಮೆಂಟಿನವರೇ. ಕಾರ್ಖಾನೆಯೊಳಗೆ ನಡೆದ ಇಲಾಖಾ ವಿಚಾರಣೆ, ಎಲ್ಲರೂ ಅನ್ನೋ ಹಾಗೆ ಡೊಮೆಸ್ಟಿಕ್ ಎನ್‌ಕ್ವೈರಿ, ನ್ಯಾಯವಾಗಿ ನಡೆದಿದೆಯೇ ಅನ್ನೋದು ಮೊದಲು ತೀರ್ಮಾನ ಆಗಬೇಕು. ಎನ್‌ಕ್ವೈರಿ ಮಾಡಿದವರು ಬಂದು ಎಮ್‌ಡಬ್ಲ್ಯೂ-1, ಅಂದರೆ ಮ್ಯಾನೇಜ್‌ಮೆಂಟಿನ ಮೊದಲ ಸಾಕ್ಷಿ ಆಗಿ ನಿಲ್ಲುತ್ತಾರೆ. ಅಲ್ಲಿ ಬಿದ್ದರೆ ಮುಂದಿನದೆಲ್ಲ ಏರುದಾರಿ.

ನಾನು ಬಿದ್ದಿದ್ದನ್ನೇ ಹೇಳುತ್ತೇನೆ. ಆಗ ನನ್ನದು ಮೂರನೇ ವರ್ಷದ ಪ್ರಾಕ್ಟೀಸು. ಹುಬ್ಬಳ್ಳಿ ಹೊರಗಿನ ಒಂದು ಸಣ್ಣ ಕಾರ್ಖಾನೆ. ರಾತ್ರಿ ಪಾಳಿಯಲ್ಲಿ ಒಬ್ಬ ಕಾರ್ಮಿಕ ಸೂಪರ್‌ವೈಸರ್ ಕಪಾಳಕ್ಕೆ ಹೊಡೆದಿದ್ದ. ನೋಡಿದವರು ಇಬ್ಬರು, ಇಬ್ಬರೂ ಎನ್‌ಕ್ವೈರಿಯಲ್ಲಿ ಹಾಗೇ ಹೇಳಿದ್ದರು. ಇದರಲ್ಲಿ ಸೋಲೋದು ಹೇಗೆ ಅಂತ ನಾನು ನಿಶ್ಚಿಂತೆಯಾಗಿದ್ದೆ. ಎನ್‌ಕ್ವೈರಿ ನಡಾವಳಿ 14 ಪುಟ, ಟೈಪ್ ಮಾಡಿದ್ದು, ಪೂರ್ತಿ ಇಂಗ್ಲಿಷ್. ಪ್ರತಿ ಪುಟದ ಕೆಳಗೆ ಕಾರ್ಮಿಕನ ಸಹಿ, ಕನ್ನಡದಲ್ಲಿ, ಅಕ್ಷರ ಒಂದೊಂದೇ ಬಿಡಿಸಿ ಬರೆದದ್ದು.

ಕಾರ್ಮಿಕನ ಪರ ಇದ್ದವರು ವಯಸ್ಸಾದ ವಕೀಲರು. ಪಾಟಿ ಸವಾಲಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಈತ ಎಷ್ಟು ಓದಿದ್ದಾನೆ? ಏಳನೇ ಇಯತ್ತೆ. ನೀವು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳಿದಿರಿ? ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದನ್ನು ಆತನಿಗೆ ಕನ್ನಡದಲ್ಲಿ ಓದಿ ಹೇಳಿದೆ ಅಂತ ಈ 14 ಪುಟಗಳಲ್ಲಿ ಎಲ್ಲಿದೆ, ತೋರಿಸಿ. ನಮ್ಮ ಸಾಕ್ಷಿ ಕೊನೆಯ ಪುಟ ನೋಡಿದರು. ಮೊದಲ ಪುಟಕ್ಕೆ ಹೋದರು. ಮತ್ತೆ ಕೊನೆಯದಕ್ಕೆ ಬಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅಲ್ಲೇ ಗೊತ್ತಾಯಿತು.

ಎನ್‌ಕ್ವೈರಿ ಸರಿಯಿಲ್ಲ ಅಂತ ಆದೇಶ ಆಯಿತು. ಅಷ್ಟಾದರೂ ಒಂದು ದಾರಿ ಇತ್ತು. ಹೊಡೆದದ್ದನ್ನು ಕೋರ್ಟಿನಲ್ಲೇ ಹೊಸದಾಗಿ ಸಾಕ್ಷಿ ಹಾಕಿ ಸಾಬೀತು ಮಾಡಬಹುದಿತ್ತು. ಆದರೆ ಆ ಅವಕಾಶ ಬೇಕು ಅಂತ ಮ್ಯಾನೇಜ್‌ಮೆಂಟ್ ತನ್ನ ಲಿಖಿತ ಉತ್ತರವಾದ ಕೌಂಟರ್ ಸ್ಟೇಟ್‌ಮೆಂಟಿನಲ್ಲೇ ಕೇಳಿಕೊಂಡಿರಬೇಕು. 2001ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನಮ್ಮದೇ ರಾಜ್ಯದ ಕೆಎಸ್‌ಆರ್‌ಟಿಸಿ ಕೇಸಿನಲ್ಲಿ ಇದನ್ನು ಇತ್ಯರ್ಥ ಮಾಡಿತ್ತು. ಲಕ್ಷ್ಮೀದೇವಮ್ಮ ತೀರ್ಪು ಅಂತಲೇ ಎಲ್ಲರೂ ಕರೆಯೋದು. ತೀರ್ಪು ಬಂದು ಜಾಸ್ತಿ ದಿನ ಆಗಿರಲಿಲ್ಲ, ನಾನು ಓದಿರಲಿಲ್ಲ. ನಾನು ಬರೆದ ಕೌಂಟರಿನಲ್ಲಿ ಆ ಎರಡು ಸಾಲು ಇರಲಿಲ್ಲ. ಮರಳಿ ಕೆಲಸ, ಅರ್ಧ ಬ್ಯಾಕ್ ವೇಜಸ್ (ಕೆಲಸದಿಂದ ಹೊರಗಿದ್ದ ದಿನಗಳ ಪಗಾರ) ಅಂತ ತೀರ್ಪಾಯಿತು. ಮಾಲೀಕರು ನನ್ನ ಮುಂದೆ ಕೂತು, "ಹೊಡದದ್ದು ಖರೇ ಐತಿ ಹೌದಲ್ಲೋ ವಕೀಲ್ರ? ಮತ್ತ ಅವನ್ನ ಒಳಗ ಕರಕೋಬೇಕಂದ್ರ ಹೆಂಗ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀನಿಯರ್ ಬೈಯಲಿಲ್ಲ. ಮರುದಿನ ಟೈಪಿಸ್ಟಿನ ಪಕ್ಕ ನಿಂತು, ಆಫೀಸಿನಲ್ಲಿದ್ದ ಮಾದರಿ ಕೌಂಟರಿಗೆ ಆ ಪ್ಯಾರಾ ಸೇರಿಸಿದರು. ಅಷ್ಟೇ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ಮಾಲೀಕರ ಪರ ವಕೀಲ ಗೆಲ್ಲೋದೂ ಸೋಲೋದೂ ಕೋರ್ಟಿನಲ್ಲಲ್ಲ. ಕಾರ್ಖಾನೆಯ ಆಫೀಸಿನಲ್ಲಿ, ನೋಟಿಸ್ ಬರೆಯೋ ದಿನ. ವಾದ ಚೆನ್ನಾಗಿ ಮಾಡುತ್ತಾರೆ ಅಂತ ಹೆಸರಾದವರು ಇದರಲ್ಲಿ ಸೋತಿದ್ದನ್ನು ನೋಡಿದ್ದೇನೆ. ಕಾಗದ ಸರಿಯಾಗಿ ಇಟ್ಟವರು ಎರಡು ಮಾತು ತಡವರಿಸಿಯೂ ಗೆಲ್ಲುತ್ತಾರೆ.

ಹಾಗಾಗಿ ನಿಮ್ಮ ದಿನ ಶುರುವಾಗೋದು ಫೋನಿನಿಂದ. "ಒಬ್ಬಾಂವ ಎಂಟು ದಿನದಿಂದ ಬಂದಿಲ್ರೀ, ಹೆಸರು ಹೊಡದು ಹಾಕ್ಲ್ಯಾ?" ಹೊಡೆದು ಹಾಕುವಂತಿಲ್ಲ. ಇಷ್ಟು ದಿನ ಬಾರದಿದ್ದರೆ ಕೆಲಸ ತಾನಾಗೇ ಹೋಯಿತು ಅಂತ ಸ್ಟ್ಯಾಂಡಿಂಗ್ ಆರ್ಡರಿನಲ್ಲೇ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳಲ್ಲೇ ಬರೆದಿದ್ದರೂ, ಆತನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ತೆಗೆಯುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಬಾ ಅಂತ ಪತ್ರ ಹಾಕಬೇಕು. ಬರದಿದ್ದರೆ ಇನ್ನೊಂದು. ಆಮೇಲೆ ಆರೋಪಪಟ್ಟಿ, ಎನ್‌ಕ್ವೈರಿ. ಅಂಚೆಯಿಂದ ವಾಪಸ್ ಬಂದ ಲಕೋಟೆಯನ್ನು ಒಡೆಯದೇ ಫೈಲಿನಲ್ಲಿಡಿ ಅಂತ ಆಫೀಸಿನ ಹುಡುಗನಿಗೆ ಹೇಳಿ. ಏನೋ ಬಂದಿದೆ ಅಂತ ಅವನು ಕುತೂಹಲಕ್ಕೆ ಕತ್ತರಿ ಹಾಕಿಬಿಡುತ್ತಾನೆ. ಒಳಗೆ ನಾವೇ ಕಳಿಸಿದ ಪತ್ರ! ಮೇಲೆ ಪೋಸ್ಟ್‌ಮನ್ ಬರೆದ "ಮನೆಗೆ ಬೀಗ" ಅನ್ನೋ ಷರಾ ಸಮೇತ ಮುಚ್ಚಿದ ಲಕೋಟೆ ಕೋರ್ಟಿಗೆ ಬಂದರೆ ಅದರ ತೂಕವೇ ಬೇರೆ.

ಇನ್ನೊಂದು ವಿಚಿತ್ರ ಕೇಳಿ. ಈ ಕ್ಷೇತ್ರದಲ್ಲಿ ವಕೀಲ ಬೇಡ ಅನ್ನೋ ಬಾಗಿಲುಗಳೇ ಜಾಸ್ತಿ. ಲೇಬರ್ ಆಫೀಸಿನಲ್ಲಿ ರಾಜಿ ಮಾತುಕತೆಗೆ ವಕೀಲರು ಕೂರುವಂತಿಲ್ಲ. ಕೋರ್ಟಿನಲ್ಲೂ ಎದುರು ಪಕ್ಷದ ಒಪ್ಪಿಗೆ, ಕೋರ್ಟಿನ ಅನುಮತಿ ಎರಡೂ ಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 36(4) ಅದು, ಹೊಸ ಸಂಹಿತೆಯಲ್ಲೂ ಉಳಿದಿದೆ. ನಡೆಯೋದು ಹೇಗೆ ಅಂದರೆ, ಕಾರ್ಮಿಕನೂ ವಕೀಲರನ್ನು ಇಟ್ಟಿರುತ್ತಾನೆ, ನಾವೂ ವಕಾಲತ್ತು ಹಾಕುತ್ತೇವೆ, ಯಾರೂ ತಕರಾರು ಎತ್ತಲ್ಲ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಮುಂದೆಯೂ ವಕೀಲರಿಗೆ ಪ್ರವೇಶ ಇಲ್ಲ. ಕಾರ್ಖಾನೆಯ ಎನ್‌ಕ್ವೈರಿಯಲ್ಲಿ ಮಾಲೀಕರ ಪರ ಕಾನೂನು ಓದಿದವನು ಕೂತರೆ, ಕಾರ್ಮಿಕನೂ ನನಗೊಬ್ಬ ವಕೀಲ ಬೇಕು ಅಂತ ಕೇಳಬಹುದು. ಕೊಡದಿದ್ದರೆ ಎನ್‌ಕ್ವೈರಿಯೇ ಬೀಳುತ್ತೆ. ಅದಕ್ಕೇ ನೀವು ಲೇಬರ್ ಆಫೀಸಿನ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂರುತ್ತೀರಿ. ಒಳಗೆ ನಿಮ್ಮ ಕಕ್ಷಿದಾರರ ಎಚ್‌ಆರ್ ಮ್ಯಾನೇಜರ್, ಕೈಯಲ್ಲಿ ನೀವು ಬರೆದುಕೊಟ್ಟ ಚೀಟಿ. ಬರೆದದ್ದಕ್ಕಿಂತ ಒಂದು ಮಾತು ಜಾಸ್ತಿ ಆಡದೇ ಅವರು ಹೊರಗೆ ಬಂದರೆ ಅದೇ ದೊಡ್ಡದು.

ಹುಬ್ಬಳ್ಳಿಯಲ್ಲಿ ಕೆಲಸ ಇದೆಯಾ ಅಂತ ಕೇಳಿದಿರಿ. ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಷ್ಟಿಲ್ಲ. ಧಾರವಾಡ ಪಕ್ಕದ ಬೇಲೂರಿನ ದೊಡ್ಡ ಕಾರ್ಖಾನೆಗಳು, ಕುಮಾರಪಟ್ಟಣದ ಕಡೆಯ ದೊಡ್ಡ ಮಿಲ್ಲುಗಳಂಥ ಕಡೆ ಕಾನೂನು ನೋಡಿಕೊಳ್ಳೋಕೆ ತಮ್ಮದೇ ವ್ಯವಸ್ಥೆ ಇರುತ್ತೆ. ಅಲ್ಲಿಂದ ಕೆಲಸ ಬರಲು ವರ್ಷಗಳು ಬೇಕು. ನಿಮಗೆ ಅನ್ನ ಹಾಕೋದು ಗೋಕುಲ ರಸ್ತೆ, ತಾರಿಹಾಳ, ರಾಯಾಪುರದ ಮೂವತ್ತು ನಲವತ್ತು ಜನರ ವರ್ಕ್‌ಶಾಪುಗಳು. ಇವರ ಹತ್ತಿರ ನೇಮಕ ಪತ್ರ ಇರಲ್ಲ, ಹಾಜರಿ ಪುಸ್ತಕ ಇದ್ದರೂ ಯಾವನೋ ಪೆನ್ಸಿಲ್ಲಿನಲ್ಲಿ ಬರೆದಿರುತ್ತಾನೆ. "ನಮ್ಮ ಮಂದಿ ಎಲ್ಲಾ ಮನೀ ಮಂದಿ ಇದ್ದಂಗ್ರೀ" ಅನ್ನುತ್ತಾರೆ. ಆ ಮನೆ ಮಂದಿಯಲ್ಲೇ ಒಬ್ಬ ನೋಟಿಸ್ ಕಳಿಸಿದ ದಿನ ನಿಮ್ಮ ಹತ್ತಿರ ಓಡಿ ಬರುತ್ತಾರೆ.

ಇನ್ನು ಸಾರಿಗೆ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ 1997ರಲ್ಲಿ ಬೇರೆಯಾದಾಗಿನಿಂದ ಅದರ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ಇಂಥ ಸಂಸ್ಥೆಗಳ ವಕೀಲರ ಪಟ್ಟಿಯಲ್ಲಿ ಸೇರಿದರೆ ಕಲಿಯಲು ಬೇಕಾದಷ್ಟು ಸಿಗುತ್ತೆ. ಕಂಡಕ್ಟರ್ ದುಡ್ಡು ತಗೊಂಡು ಟಿಕೆಟ್ ಕೊಟ್ಟಿಲ್ಲ ಅನ್ನೋ ಕೇಸುಗಳಲ್ಲಿ, ಪ್ರಯಾಣಿಕರನ್ನೇ ಕರೆದು ಸಾಕ್ಷಿ ಹೇಳಿಸಬೇಕೆಂದಿಲ್ಲ ಅಂತ 1977ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನೇ ನಂಬಿ ಚೆಕಿಂಗ್ ಸಿಬ್ಬಂದಿ ವರದಿಯನ್ನು ಅವಸರದಲ್ಲಿ ಗೀಚಿರುತ್ತಾರೆ, ಪಾಟಿ ಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ.

ಧಾರವಾಡದಲ್ಲಿ ಶಾಲೆ ಕಾಲೇಜುಗಳ ಆಡಳಿತ ಮಂಡಳಿಗಳು ದೊಡ್ಡ ಕಕ್ಷಿದಾರರು. ಒಂದು ಎಚ್ಚರಿಕೆ: ಶಿಕ್ಷಕರು ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ. ಖಾಸಗಿ ಶಾಲೆಯ ಶಿಕ್ಷಕರನ್ನು ತೆಗೆದರೆ ಅದು ಲೇಬರ್ ಕೋರ್ಟಿಗೆ ಬರಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ 94ನೇ ಕಲಮಿನಡಿ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತೆ. ಅದೇ ಶಾಲೆಯ ಬಸ್ ಡ್ರೈವರ್ ಮಾತ್ರ ಕಾರ್ಮಿಕ. ಒಂದೇ ಗೇಟು, ಎರಡು ಕೋರ್ಟು. ಬ್ಯಾಡಗಿ, ರಾಣೆಬೆನ್ನೂರು ಕಡೆಯ ವ್ಯಾಪಾರಸ್ಥರಿಂದ ಬರೋದು ಹೆಚ್ಚಾಗಿ ಗ್ರ್ಯಾಚುಟಿ, ಪಿಎಫ್, ಇಎಸ್‌ಐ ತಕರಾರು. ಒಣ ಕೆಲಸ, ಆದರೆ ನಿಯಮಿತವಾಗಿ ಬರುತ್ತೆ.

ಸರ್ಕಾರಿ ಕಚೇರಿಗಳ ದಿನಗೂಲಿ ಕೇಸುಗಳು ಬೇರೆಯೇ ಲೋಕ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘದ ಕೇಸಿನಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ನೌಕರರ ಪರ ನಿಂತಿತ್ತು. 2006ರಲ್ಲಿ ಉಮಾದೇವಿ ತೀರ್ಪು ಬಂದು ಗಾಳಿ ತಿರುಗಿತು. ಎರಡನ್ನೂ ಒಂದೇ ಸಂಜೆ ಕೂತು ಓದಿ. ಎರಡೂ ನಮ್ಮ ರಾಜ್ಯದಿಂದಲೇ ಹೋದವು.

ಬೆಂಗಳೂರಿಗೆ ಹೋಗಬೇಕಾ? ನನ್ನ ಮಾತು ಕೇಳುವುದಾದರೆ ಐದು ವರ್ಷ ಬೇಡ. ಅಲ್ಲಿ ದೊಡ್ಡ ಫರ್ಮಿನಲ್ಲಿ ಸಂಬಳ ಜಾಸ್ತಿ. ಆದರೆ ಒಬ್ಬ ಕರಾರು ಪತ್ರ ಮಾತ್ರ ಬರೆಯುತ್ತಾನೆ, ಇನ್ನೊಬ್ಬ ಹೈಕೋರ್ಟ್ ಮಾತ್ರ ನೋಡುತ್ತಾನೆ. ಇಲ್ಲಿ ಶೋಕಾಸ್ ನೋಟಿಸಿನಿಂದ ರಿಟ್ ಅರ್ಜಿವರೆಗೆ ಒಂದೇ ಕೇಸಿನ ಪೂರ್ತಿ ಆಯಸ್ಸು ನೋಡುತ್ತೀರಿ. ನಾವು ಜೂನಿಯರ್ ಇದ್ದಾಗ ಲೇಬರ್ ಕೋರ್ಟಿನ ತೀರ್ಪು ಪ್ರಶ್ನಿಸಬೇಕೆಂದರೆ ಫೈಲಿನ ಗಂಟು ಕಟ್ಟಿಕೊಂಡು ಬೆಂಗಳೂರಿನ ರಾತ್ರಿ ಬಸ್ ಹತ್ತಬೇಕಿತ್ತು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಬೆಳಗ್ಗೆ ಲೇಬರ್ ಕೋರ್ಟು, ಮಧ್ಯಾಹ್ನ ಹೈಕೋರ್ಟು. ನಿಮ್ಮ ವಯಸ್ಸಿನವರಿಗೆ ಇದರ ಬೆಲೆ ಗೊತ್ತಿಲ್ಲ ಅಂತ ನಾವು ಹಳಬರು ಆಗಾಗ ಗೊಣಗುತ್ತೇವೆ.

ದುಡ್ಡಿನ ಮಾತು. ಮೊದಲ ವರ್ಷಗಳು ಬಿಗಿ ಇರುತ್ತವೆ. ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಹೇಳಿತು, ಆದರೆ ಅದು ಸಲಹೆ ಮಾತ್ರ. ನಿಮ್ಮ ಸೀನಿಯರ್ ಎಷ್ಟು ಕೊಡುತ್ತಾರೆ ಅಂತ ನಾಚಿಕೆ ಬಿಟ್ಟು ಕೇಳಿ. ಗದಗದಿಂದ ದಿನಾ ಓಡಾಡುತ್ತೀರಾ, ರೂಮ್ ಮಾಡುತ್ತೀರಾ ಅನ್ನೋದು ಅದರ ಮೇಲೆ ನಿಂತಿದೆ. ಮುಂದೆ ಕೈ ಹಿಡಿಯೋದು ರಿಟೈನರ್. ಹತ್ತು ಹದಿನೈದು ಕಾರ್ಖಾನೆಗಳು ತಿಂಗಳಿಗೆ ಇಷ್ಟು ಅಂತ ಕೊಟ್ಟು, ಫೋನ್ ಮಾಡಿದಾಗ ಸಲಹೆ ಕೇಳುತ್ತವೆ. ಜತೆಗೆ ಬೇರೆ ಕಂಪನಿಗಳಿಗೆ ಎನ್‌ಕ್ವೈರಿ ಅಧಿಕಾರಿಯಾಗಿ ಹೋದರೆ ಒಂದೊಂದು ಸಿಟ್ಟಿಂಗಿಗೆ ಇಷ್ಟು ಅಂತ ಬರುತ್ತೆ. ಯಾವುದೋ ಕಂಪನಿಯವರು "ನಮ್ಮಲ್ಲೇ ಎಚ್‌ಆರ್ ಆಗಿ ಸೇರಿಕೊಳ್ಳಿ, ಕೋರ್ಟಿಗೂ ಹೋಗಿ" ಅಂದರೆ ಒಪ್ಪಬೇಡಿ. ಪೂರ್ಣಾವಧಿ ಸಂಬಳದ ನೌಕರಿ ಮಾಡುತ್ತ ವಕೀಲಿಕೆ ಮಾಡುವಂತಿಲ್ಲ. ಹಾಂ, ಫೀಸ್ ಮೊದಲೇ ತಗೊಳ್ಳಿ. ಸೋತ ಮಾಲೀಕರಿಗೆ ವಕೀಲನ ನಂಬರ್ ಮರೆತುಹೋಗುತ್ತೆ.

ಹೊಸ ಸಂಹಿತೆಗಳ ಬಗ್ಗೆ ಹೆದರಬೇಡಿ. 2025ರ ನವೆಂಬರ್ 21ರಿಂದ ನಾಲ್ಕೂ ಜಾರಿಗೆ ಬಂದಿವೆ. 1926, 1946, 1947ರ ಮೂರು ಹಳೇ ಕಾಯ್ದೆಗಳ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಕೂತಿದೆ. ಲೇಬರ್ ಕೋರ್ಟಿನ ಬದಲು ಇಬ್ಬರು ಸದಸ್ಯರ ನ್ಯಾಯಮಂಡಳಿ ಅಂತ ಅದು ಹೇಳುತ್ತೆ. ಕಾರ್ಖಾನೆ ಮುಚ್ಚಲು, ಜನರನ್ನು ಕಡಿಮೆ ಮಾಡಲು ಸರ್ಕಾರದ ಅನುಮತಿ ಬೇಕಿದ್ದದ್ದು 100 ಜನರಿದ್ದರೆ, ಈಗ 300. ಸ್ಟ್ಯಾಂಡಿಂಗ್ ಆರ್ಡರಿಗೂ 300. ಮಾಲೀಕರು ಇದನ್ನು ಕೇಳಿ ಖುಷಿಯಾಗಿದ್ದಾರೆ. ನನಗೆ ಅನುಮಾನ. ಹುಬ್ಬಳ್ಳಿಯ ಬಹಳಷ್ಟು ಕಾರ್ಖಾನೆಗಳು 300ರ ಕೆಳಗೇ ಇವೆ. ಸ್ಟ್ಯಾಂಡಿಂಗ್ ಆರ್ಡರ್ ಇಲ್ಲ ಅಂದರೆ ಯಾವುದು ತಪ್ಪು, ಯಾವುದಕ್ಕೆ ಏನು ಶಿಕ್ಷೆ ಅನ್ನೋದು ಎಲ್ಲಿ ಬರೆದಿರುತ್ತೆ? ನೇಮಕ ಪತ್ರದಲ್ಲಿ ಇರಬೇಕು. ಅದನ್ನು ಎಲ್ಲರಿಗೂ ಕೊಡಲೇಬೇಕು ಅಂತ ಈಗ ಕಾನೂನೂ ಆಗಿದೆ. ಆ ಪತ್ರ ಬರೆಯೋರು ಯಾರು? ನೀವೇ. ಕೆಲಸದಿಂದ ತೆಗೆದವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೊಡಬೇಕು, ನಿಗದಿತ ಅವಧಿಗೆ ತಗೊಂಡವರಿಗೂ ವರ್ಷ ತುಂಬಿದರೆ ಗ್ರ್ಯಾಚುಟಿ. ಇದೆಲ್ಲ ತಕರಾರು ಹುಟ್ಟಿಸದೇ ಇರುತ್ತಾ?

ಈಗ ಅಪ್ಪನ ಮಾತಿಗೆ ಬರುತ್ತೇನೆ. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಆಡಿದ ಮಾತು "ಬೇಡ", ಅದೂ ನನ್ನ ಕಕ್ಷಿದಾರರಿಗೇ. ಮಾಲೀಕರಿಗೆ ಪ್ರತಿಷ್ಠೆ ಅಡ್ಡ ಬರುತ್ತೆ. "ಎಷ್ಟ ಖರ್ಚಾದ್ರೂ ಅಡ್ಡಿಯಿಲ್ಲ, ಅವನ್ನ ಒಳಗ ಬಿಡಾಂಗಿಲ್ಲ" ಅನ್ನುತ್ತಾರೆ. ನಾನು ಒಂದು ಹಾಳೆ ತೆಗೆದು ಬರೆದು ತೋರಿಸುತ್ತೇನೆ. ತಿಂಗಳ ಪಗಾರ 14,000. ಕೇಸು ಆರು ವರ್ಷ ನಡೆಯಿತು ಅಂತ ಇಟ್ಟುಕೊಳ್ಳಿ. ಪೂರ್ತಿ ಬ್ಯಾಕ್ ವೇಜಸ್ ಆದರೆ 10,08,000, ಅರ್ಧವಾದರೆ 5,04,000. ಮೇಲೆ ನೀವು ಹೈಕೋರ್ಟಿಗೆ ಹೋದರೆ, ಆ ಕಾರ್ಮಿಕ ಬೇರೆ ಕೆಲಸದಲ್ಲಿಲ್ಲ ಅಂತ ಅಫಿಡವಿಟ್ ಕೊಟ್ಟರೆ, ಅಲ್ಲಿ ಕೇಸು ಇರುವಷ್ಟು ದಿನವೂ ಹಳೇ ಪಗಾರ ಕೊಡುತ್ತಿರಬೇಕು. ಹಳೇ ಕಾಯ್ದೆಯ 17ಬಿ ಹೇಳುತ್ತಿದ್ದದ್ದು ಅದನ್ನೇ. ಕೆಲಸ ಮಾಡಿಸಿಕೊಳ್ಳದೆ ಪಗಾರ! ಈಗ ಮೂರು ಲಕ್ಷಕ್ಕೆ ಒಪ್ಪಂದ ಆಗುತ್ತೆ, ಮಾಡಿಬಿಡೋಣ್ವಾ ಅಂತ ಕೇಳುತ್ತೇನೆ. ಹತ್ತರಲ್ಲಿ ಆರೇಳು ಜನ ಸ್ವಲ್ಪ ಹೊತ್ತು ಹಾಳೆ ನೋಡಿ, ಚಹಾ ಹೇಳಿ ಕಳಿಸುತ್ತಾರೆ. ಆ ದುಡ್ಡು ಹೋಗೋದು ನಿಮ್ಮ ಅಪ್ಪನಂಥವರ ಮನೆಗೆ, ಆರು ವರ್ಷ ಕಾಯದೇ.

ಎಲ್ಲ ಸಲ ಹೀಗೇ ಮುಗಿಯುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಸರಿಯಾಗಿ ಕೆಲಸ ಮಾಡುತ್ತಿದ್ದವನನ್ನು ಬರೀ ಯೂನಿಯನ್ ಕಟ್ಟಿದ ಅಂತ ತೆಗೆದದ್ದು ಗೊತ್ತಿದ್ದೂ, ಕಾಗದ ಸರಿಯಿದ್ದದ್ದಕ್ಕೆ ಗೆದ್ದ ಕೇಸು ನನ್ನ ಹತ್ತಿರವೂ ಒಂದಿದೆ. ಅವನ ಹೆಂಡತಿ ಕಾರಿಡಾರಿನಲ್ಲಿ ನಿಂತಿದ್ದಳು. ಆ ದಿನ ನಾನು ಹಿಂದಿನ ಬಾಗಿಲಿಂದ ಹೋದೆ. ಒಂದು ಕಡೆ ನಿಂತ ಮೇಲೆ ಇದೂ ಬರುತ್ತೆ. ಕಾರ್ಮಿಕರ ಪರ ನಿಂತವರಿಗೂ ಬರುತ್ತೆ, ಸುಳ್ಳು ಹೇಳಿದವನನ್ನು ಗೆಲ್ಲಿಸಿದ ದಿನ.

ಆದರೆ ಒಂದು ಗೆರೆ ಮೊದಲ ದಿನವೇ ಎಳೆದುಕೊಳ್ಳಿ. ಹಿಂದಿನ ತಾರೀಖು ಹಾಕಿ ನೋಟಿಸ್ ತಯಾರಿಸೋದು, ಹಾಜರಿ ಪುಸ್ತಕ ಹೊಸದಾಗಿ ಬರೆಸೋದು, ಖಾಲಿ ಹಾಳೆಯ ಮೇಲೆ ಕಾರ್ಮಿಕರ ಸಹಿ ತಗೊಂಡಿಟ್ಟುಕೊಳ್ಳೋದು. ಇವು ಮೂರಕ್ಕೂ ಕೈ ಹಾಕಬೇಡಿ. ಒಬ್ಬರು ನನ್ನ ಮುಂದೆಯೇ ಹಳೇ ತಾರೀಖಿನ ಪತ್ರ ಟೈಪ್ ಮಾಡಿಸಿ ತಂದಿದ್ದರು. ನಾನು ಎನ್‌ಒಸಿ (ಬೇರೆ ವಕೀಲರನ್ನು ಇಟ್ಟುಕೊಳ್ಳಲು ನನ್ನ ಅಡ್ಡಿಯಿಲ್ಲ ಅನ್ನೋ ಪತ್ರ) ಬರೆದು ಫೈಲ್ ವಾಪಸ್ ಕೊಟ್ಟೆ. ಅವರು ಬೇರೆ ವಕೀಲರ ಹತ್ತಿರ ಹೋದರು, ವರ್ಷಕ್ಕೆ ನಾಲ್ಕಾರು ಕೇಸು ಬರುತ್ತಿದ್ದ ಕಕ್ಷಿದಾರರು. ನಷ್ಟ ಆಯಿತು, ಇಲ್ಲ ಅನ್ನಲ್ಲ. ನಿಮ್ಮನ್ನು ಕರೆದಿರುವ ಸೀನಿಯರ್ ಈ ವಿಷಯದಲ್ಲಿ ಹೇಗೆ ಅಂತ ಅವರ ಎದುರು ಪಕ್ಷದ ವಕೀಲರನ್ನು ಕೇಳಿ. ಬಾರ್‌ನಲ್ಲಿ ಒಬ್ಬರ ಗುಣ ಎದುರಾಳಿಗೆ ಗೊತ್ತಿರುವಷ್ಟು ಜೂನಿಯರುಗಳಿಗೂ ಗೊತ್ತಿರಲ್ಲ. ಅವರು ನಕ್ಕು "ಹೋಗಪಾ, ಚಲೋ ಮನಷ್ಯಾ" ಅಂದರೆ ಧೈರ್ಯವಾಗಿ ಸೇರಿಕೊಳ್ಳಿ.

ಅಪ್ಪನಿಗೆ ಏನು ಹೇಳಬೇಕು ಅಂತ ನಾನು ಬರೆದುಕೊಡಲಾರೆ. ಗಿರಣಿಯ ಹಳೇ ಕಾಗದ ಅವರ ಟ್ರಂಕಿನಲ್ಲಿ ಇದ್ದೇ ಇರುತ್ತೆ, ಕೇಳಿ ತಗೊಳ್ಳಿ. ಮುಚ್ಚುವ ನೋಟಿಸ್, ಲೆಕ್ಕ ಮುಗಿಸಿದ ಚೀಟಿ. ನಿಮ್ಮ ಮೊದಲ ಫೈಲ್ ಅದೇ ಆಗಲಿ. ಅವರ ಪಕ್ಕ ಕೂತು ಗ್ರ್ಯಾಚುಟಿ ಲೆಕ್ಕ ಹಾಕಿ ನೋಡಿ. ಕೊನೆಯ ಪಗಾರ 5,200 ಅಂತಿಟ್ಟುಕೊಂಡರೆ, ಕಾನೂನಿನ ಪ್ರಕಾರ 26ರಿಂದ ಭಾಗಿಸಿದಾಗ ದಿನಕ್ಕೆ 200. ವರ್ಷಕ್ಕೆ 15 ದಿನದ್ದು ಅಂದರೆ 3,000. 19 ವರ್ಷಕ್ಕೆ 57,000. ಕೆಲವು ಕಡೆ ಗುಮಾಸ್ತರು 30ರಿಂದ ಭಾಗಿಸಿಬಿಡುತ್ತಾರೆ, ಆಗ ಕೈಗೆ ಬರೋದು 49,400. ನಿಮ್ಮ ಅಪ್ಪನ ಚೀಟಿಯಲ್ಲಿ ಯಾವುದರಿಂದ ಭಾಗಿಸಿದ್ದಾರೆ ನೋಡಿ.